ಅಕ್ವೇರಿಯಂ ಮ್ಯಾಕ್ರೋ ಫೋಟೋ ಎಲ್ಲಿ ಕೆಡುತ್ತಿದೆ? ಹವಳ, ಮೀನಿನ ಫೋಟೋಗೆ ದೋಷ ನಿವಾರಣೆ ಕೈಪಿಡಿ

ಶಿರಾಡಿಯೋ ಚಾರ್ಮಾಡಿಯೋ ಇಳಿಯದೆ ಕಡಲು ಕಾಣದ ಊರು ನಮ್ಮದು. ಆದರೂ ಹಾಸನ, ಚಿಕ್ಕಮಗಳೂರು ಕಡೆ ಮನೆಯೊಳಗೆ ಉಪ್ಪುನೀರಿನ ಟ್ಯಾಂಕ್ ಇಟ್ಟು ಹವಳ ಸಾಕುವ ಆಸೆ ಹಲವರಿಗಿದೆ. ಆರ್‌ಓ ನೀರಿಗೆ ಸಮುದ್ರದ ಉಪ್ಪಿನ ಪುಡಿ ಬೆರೆಸಿ, ಸಾಪೇಕ್ಷ ಸಾಂದ್ರತೆ 1.025 ಬರುವ ತನಕ ಅಳೆದು, ತಿಂಗಳುಗಟ್ಟಲೆ ಕಾದು ಬೆಳೆಸಿದ ಝೋವಾ (ಹೂವಿನಂತೆ ಅರಳುವ, ಗಟ್ಟಿ ಗೂಡಿಲ್ಲದ ಹವಳದ ಬಗೆ) ಗೊಂಚಲು ಕಣ್ಣಿಗೆ ಅಷ್ಟು ಚೆಂದ ಕಾಣುತ್ತದೆ. ತೀರಾ ಹತ್ತಿರದಿಂದ, ಅಂದರೆ ಮ್ಯಾಕ್ರೋ ಫೋಟೋ ತೆಗೆದರೆ ನೀಲಿ, ಮಬ್ಬು, ಅಂಚೆಲ್ಲ ಕದಡಿದ ಹಾಗೆ. ಆಗ ಎಲ್ಲರೂ ಮೊದಲು ಬೈಯುವುದು ಕ್ಯಾಮೆರಾವನ್ನು.

ಕ್ಯಾಮೆರಾ ನಿಜವಾಗಿ ಕೆಟ್ಟಿರುವುದು ಅಪರೂಪ. ಹವಳಕ್ಕೂ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿಗೂ ನಡುವೆ ನೀರಿದೆ, ಗಾಜಿದೆ, ಗಾಳಿ ಇದೆ, ಲೆನ್ಸ್ ಇದೆ. ಮೇಲೆ ಟ್ಯಾಂಕಿನ ಲೈಟ್ ಇದೆ. ದೋಷ ಇವುಗಳಲ್ಲಿ ಯಾವುದರಲ್ಲಿದೆ ಅಂತ ಪತ್ತೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಅದಕ್ಕೆ ಒಂದೇ ನಿಯಮ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ ನೋಡಿ. ಶಟರ್ ವೇಗ, ಅಪರ್ಚರ್ (ಲೆನ್ಸಿನೊಳಗಿನ ಬೆಳಕಿನ ಕಿಂಡಿ), ಲೈಟ್ ಮೂರನ್ನೂ ಒಟ್ಟಿಗೆ ತಿರುಗಿಸಿದರೆ ಫೋಟೋ ಸರಿಯಾದರೂ ಯಾವುದರಿಂದ ಸರಿಯಾಯಿತು ಅನ್ನೋದು ಗೊತ್ತಾಗುವುದಿಲ್ಲ. ನಾಳೆ ಅದೇ ತೊಂದರೆ ಮತ್ತೆ ಬರುತ್ತದೆ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಸುಣ್ಣದ ಗೂಡು ಕಟ್ಟುವ ಗಟ್ಟಿ ಹವಳಗಳು ಮತ್ತು ಸಮುದ್ರಕುದುರೆ ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಫೋಟೋ ಚೆನ್ನಾಗಿ ಬರುತ್ತದೆ ಅಂತ ಎಲ್ಲಿಂದಲೋ ಬಂದ ಹವಳ ಕೊಳ್ಳಬೇಡಿ. ಮ್ಯಾಕ್ರೋ ಕಲಿಯಲು ಝೋವಾ, ಮೆತ್ತನೆಯ ಹವಳವಾದ ಮಶ್ರೂಮ್‌ನಂಥವು ಧಾರಾಳವಾಗಿ ಸಾಕು. ಹವಳವೇ ಇಲ್ಲದ ಸಿಹಿನೀರಿನ ಟ್ಯಾಂಕಿನವರಿಗೂ ಇಲ್ಲಿರುವುದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಮೊದಲ ಪರೀಕ್ಷೆ: ಶಾಲೆ ಮಕ್ಕಳ ಸ್ಕೇಲ್

ಹಾಸನದ ನಮ್ಮ ಬೀದಿಯ ಹುಡುಗನೊಬ್ಬ ಹೊಸ ಮ್ಯಾಕ್ರೋ ಲೆನ್ಸ್ ಹಿಡಿದುಕೊಂಡು ಬಂದಿದ್ದ. "ಅಣ್ಣಾ, ಲೆನ್ಸ್ ಸರಿ ಇಲ್ಲ ಅನ್ಸುತ್ತೆ, ವಾಪಸ್ ಕೊಟ್ಟುಬಿಡ್ಲಾ?" ಅಂದ. "ಇರು, ಮೊದಲು ಟ್ಯಾಂಕಿನ ಹೊರಗೆ ಒಂದು ಫೋಟೋ ತೆಗಿ ನೋಡೋಣ" ಅಂದೆ. ಮೇಜಿನ ಮೇಲೆ ತಂಗಿಯ ಪ್ಲಾಸ್ಟಿಕ್ ಸ್ಕೇಲ್ ಇತ್ತು. ಅದನ್ನು ಕಿಟಕಿ ಬೆಳಕಲ್ಲಿ ಇಟ್ಟು ತೆಗೆದ. ಮಿಲಿಮೀಟರ್ ಗೆರೆಗಳು ಕತ್ತರಿಸಿಟ್ಟಂತೆ ಬಂದವು. ಲೆನ್ಸ್ ಸರಿಯಾಗಿಯೇ ಇತ್ತು.

ಈ ಸ್ಕೇಲ್‌ಗಿಂತ ಒಳ್ಳೆಯ ಸಾಧನ ನನಗೆ ಇನ್ನೂ ಸಿಕ್ಕಿಲ್ಲ. ಅಗ್ಗ, ನೀರಿಗೆ ಹಾಕಿದರೆ ಹಾಳಾಗುವುದಿಲ್ಲ, ಮೇಲೆ ಅಳತೆ ಬೇರೆ ಇದೆ. ಹೊರಗೆ ತೆಗೆದ ಫೋಟೋ ಸ್ಪಷ್ಟವಾಗಿದ್ದರೆ ಲೆನ್ಸ್, ಕ್ಯಾಮೆರಾ ಎರಡೂ ಪಾಸ್. ಆಮೇಲೆ ಸ್ಕೇಲ್ ತೊಳೆದು, ಟ್ಯಾಂಕಿನೊಳಗೆ ಮುಂದಿನ ಗಾಜಿಗೆ ಸಮಾನಾಂತರವಾಗಿ ನಿಲ್ಲಿಸಿ. ಅಷ್ಟೇ ದೂರದಿಂದ, ಅದೇ ಸೆಟ್ಟಿಂಗ್‌ನಲ್ಲಿ ಮತ್ತೆ ತೆಗೆಯಿರಿ. ಈಗ ಮಬ್ಬಾದರೆ ಗಾಜು ಅಥವಾ ನೀರಿನಲ್ಲಿ ದೋಷ. ಹೊರಗಿನ ಫೋಟೋವೇ ಮಬ್ಬಾಗಿದ್ದರೆ ಟ್ಯಾಂಕನ್ನು ಬಿಟ್ಟು ಲೆನ್ಸ್ ನೋಡಿ. ಅದರ ವಿಚಾರ ಮುಂದೆ ಬರುತ್ತದೆ.

ಮೂರನೆಯದಾಗಿ ಅದೇ ಸ್ಕೇಲನ್ನು ಟ್ಯಾಂಕಿನಲ್ಲಿ ಓರೆಯಾಗಿ ಒರಗಿಸಿ ತೆಗೆಯಿರಿ. ಎಷ್ಟು ಗೆರೆ ಸ್ಪಷ್ಟವಾಗಿವೆ ಎಣಿಸಿ. ಮ್ಯಾಕ್ರೋದ ನಿಜವಾದ ಕಷ್ಟ ಇಲ್ಲೇ ಕಾಣುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 1:1 ಅಳತೆಗೆ, ಅಂದರೆ ವಸ್ತು ತನ್ನ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಬೀಳುವಷ್ಟು ಹತ್ತಿರ ಹೋದಾಗ ಎಫ್/8ರಲ್ಲಿ (ಎಫ್ ಸಂಖ್ಯೆ ಹೆಚ್ಚಿದಷ್ಟೂ ಅಪರ್ಚರ್ ಕಿಂಡಿ ಸಣ್ಣದು) ಫೋಕಸ್ ಆಗುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ಎಫ್/16ಕ್ಕೆ ಹೋದರೂ 2 ಮಿಲಿಮೀಟರ್ ಆಸುಪಾಸು. ಝೋವಾದ ಬಾಯಿಗೆ ಫೋಕಸ್ ಆದರೆ ಸುತ್ತಲಿನ ಎಸಳು ತಪ್ಪುತ್ತದೆ. ಇದು ದೋಷ ಅಂದುಕೊಳ್ಳಬೇಡಿ, ಮ್ಯಾಕ್ರೋದ ಗುಣವೇ ಹಾಗೆ. ಪಾಲಿಪ್‌ನ (ಹವಳದ ಒಂದೊಂದು ಹೂವಿನಂಥ ಜೀವಿ) ಮುಖ ಗಾಜಿನ ಕಡೆ ತಿರುಗಿರುವಂಥದ್ದನ್ನೇ ಆರಿಸಿಕೊಂಡರೆ ಇದ್ದ ಒಂದು ಮಿಲಿಮೀಟರಿನಲ್ಲೇ ಹೆಚ್ಚು ಭಾಗ ಸ್ಪಷ್ಟ ಬರುತ್ತದೆ. ಆಳ ಬೇಕು ಅಂತ ಎಫ್/22, ಎಫ್/32ಕ್ಕೆ ಹೋಗುವವರಿದ್ದಾರೆ. ಅಲ್ಲಿ ಬೆಳಕು ಸಣ್ಣ ಕಿಂಡಿಯ ಅಂಚಿನಲ್ಲಿ ಚದುರಿ ಇಡೀ ಫೋಟೋ ಮೆತ್ತಗಾಗುತ್ತದೆ. ಎಫ್/8ರಿಂದ ಎಫ್/13ರ ಒಳಗೆ ಇರುವುದು ಒಳ್ಳೆಯದು ಅನ್ನೋದು ನನ್ನ ಅಭಿಪ್ರಾಯ.

ಫೋಟೋ ಕದಡಿದೆ: ಕದಡಿದ್ದು ಯಾವುದು?

ಮಬ್ಬು ಅಂದರೆ ಒಂದೇ ರೋಗ ಅಲ್ಲ. ಫೋಟೋವನ್ನು ಕಂಪ್ಯೂಟರಿನಲ್ಲಿ ಪೂರ್ತಿ ದೊಡ್ಡದು ಮಾಡಿ, ನಿಧಾನವಾಗಿ ಮೂಲೆಯಿಂದ ಮೂಲೆಗೆ ನೋಡಿ. ಮುಖ್ಯವಾಗಿ ಹವಳದ ಪಕ್ಕದ ಕಲ್ಲನ್ನು ನೋಡಿ.

ಕಲ್ಲು ಸ್ಪಷ್ಟ, ಪಾಲಿಪ್ ಮಾತ್ರ ಕದಡಿದೆ ಅಂದರೆ ನೀರಿನ ಓಟ. ವೇವ್‌ಮೇಕರ್ (ನೀರನ್ನು ಅಲೆಯಾಡಿಸುವ ಪಂಪು) ಹೊಡೆತಕ್ಕೆ ಎಸಳು ಅಲುಗುತ್ತಿದೆ. ಕಲ್ಲೂ ಕದಡಿದೆ, ಸಣ್ಣ ಹೊಳೆಯುವ ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಉದ್ದವಾಗಿ ಎಳೆದಂತಿವೆ ಅಂದರೆ ಕ್ಯಾಮೆರಾ ಅಲುಗಿದೆ. ನೀವು ಬಯಸಿದ ಪಾಲಿಪ್ ಮಬ್ಬು, ಅದರ ಹಿಂದಿನದೋ ಮುಂದಿನದೋ ಚೂಪಾಗಿದೆ ಅಂದರೆ ಫೋಕಸ್ ತಪ್ಪಿದೆ. ಎಲ್ಲೂ ಏನೂ ಚೂಪಾಗಿಲ್ಲ, ಆದರೆ ಎಳೆದ ಗುರುತೂ ಇಲ್ಲ ಅಂದರೆ ಗಾಜಿನ ಮೇಲಿನ ಪೊರೆ, ಓರೆ ಕೋನ ಅಥವಾ ಲೆನ್ಸಿನೊಳಗಿನ ತೇವ. ಈ ನಾಲ್ಕನ್ನು ಬೇರೆ ಬೇರೆ ಗುರುತಿಸಲು ಬಂದರೆ ಸುಮ್ನೆ ಶಟರ್ ವೇಗ ಜಾಸ್ತಿ ಮಾಡುತ್ತಾ ಕೂರುವುದು ತಪ್ಪುತ್ತದೆ.

ನೀರಿನ ಓಟಕ್ಕೆ ಮದ್ದು ಸುಲಭ. ಪಂಪು, ವೇವ್‌ಮೇಕರ್ ಎರಡನ್ನೂ ಆಫ್ ಮಾಡಿ, ನೀರು ನಿಲ್ಲಲು ಎರಡು ಮೂರು ನಿಮಿಷ ಬಿಡಿ. ಹತ್ತು ಹದಿನೈದು ನಿಮಿಷ ಪಂಪು ನಿಂತರೆ ಹವಳಕ್ಕೆ ತೊಂದರೆ ಇಲ್ಲ. ಆದರೆ ಎರಡು ವಿಷಯ ನೋಡಿಕೊಳ್ಳಿ. ಸಂಪ್ (ಟ್ಯಾಂಕಿನ ಕೆಳಗಿಡುವ ಫಿಲ್ಟರ್ ತೊಟ್ಟಿ) ಇದ್ದರೆ ಮೇಲಿನ ನೀರು ಇಳಿದು ಸಂಪ್ ತುಂಬಿ ಹರಿಯಬಾರದು. ಮೇಲಿನ ಟ್ಯಾಂಕಿನಲ್ಲೇ ಹೀಟರ್ ಇದ್ದು ನೀರು ಇಳಿದಾಗ ಅದು ಹೊರಗೆ ಕಾಣುವಂತಿದ್ದರೆ ಮೊದಲು ಹೀಟರ್ ಆಫ್ ಮಾಡಿ. ಒಣಗಿ ಕಾದ ಗಾಜು ಸೀಳುತ್ತದೆ. ನಮ್ಮ ಊರುಗಳು ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿವೆ, ಚಳಿಗಾಲದಲ್ಲಿ ಹೀಟರ್ ಬಿಟ್ಟಿರಲು ಆಗುವುದಿಲ್ಲ. ಹಾಗಾಗಿ ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡಲು ಮೊಬೈಲ್‌ನಲ್ಲಿ ಅಲಾರಂ ಇಟ್ಟುಕೊಂಡೇ ಶುರು ಮಾಡಿ.

ಕ್ಯಾಮೆರಾ ಅಲುಗಿದ್ದರೆ ಟ್ರೈಪಾಡ್ ಬೇಕು, ಎರಡು ಸೆಕೆಂಡ್ ಟೈಮರ್ ಬೇಕು. ಟ್ರೈಪಾಡ್ ಇದ್ದೂ ಅಲುಗುತ್ತಿದ್ದರೆ ನೆಲ ನೋಡಿ. ರೆಡ್ ಆಕ್ಸೈಡ್ ಅಥವಾ ಮೊಸಾಯಿಕ್ ನೆಲದಲ್ಲಿ ಈ ತೊಂದರೆ ಇಲ್ಲ. ಹಳೆಯ ತೋಟದ ಮನೆಗಳ ಹಲಗೆ ಹೊದಿಸಿದ ಮಹಡಿಯಲ್ಲಿ ಯಾರಾದರೂ ಪಕ್ಕದ ಕೋಣೆಯಲ್ಲಿ ನಡೆದರೂ ಸಾಕು, 1:1ರಲ್ಲಿ ಆ ನಡುಗು ಫೋಟೋದಲ್ಲಿ ಕಾಣುತ್ತದೆ. ಅಲ್ಲಿ ಫ್ಲ್ಯಾಶ್ ಒಂದೇ ದಾರಿ.

ಅಂಚಿಗೆ ಕೆಂಪು, ನೀಲಿ ಗೆರೆ

ಪಾಲಿಪ್‌ನ ಒಂದು ಬದಿಗೆ ಕೆಂಪು, ಇನ್ನೊಂದು ಬದಿಗೆ ನೀಲಿ ಅಂಚು ಬರುತ್ತಿದ್ದರೆ ನೀವು ಗಾಜಿಗೆ ಓರೆಯಾಗಿ ನಿಂತಿದ್ದೀರಿ. ನೀರು, ಗಾಜು, ಗಾಳಿ ಮೂರೂ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುತ್ತವೆ. ಗಾಳಿಯ ವಕ್ರೀಭವನ ಸೂಚ್ಯಂಕ 1, ನೀರಿನದು 1.33, ಗಾಜಿನದು ಸುಮಾರು 1.5. ನೇರ ಬಂದ ಕಿರಣ ಬಾಗುವುದಿಲ್ಲ. ಓರೆಯಾಗಿ ಬಂದದ್ದು ಬಾಗುತ್ತದೆ, ಅದೂ ನೀಲಿ ಒಂದು ಥರ, ಕೆಂಪು ಇನ್ನೊಂದು ಥರ. ಹಾಗಾಗಿ ಬಣ್ಣಗಳು ಬಿಡಿಸಿಕೊಳ್ಳುತ್ತವೆ, ಚೂಪು ಹೋಗುತ್ತದೆ.

ಸ್ಕೇಲ್ ಇದನ್ನೂ ತೋರಿಸುತ್ತದೆ. ನೇರ ನಿಂತು ಒಂದು, ಪಕ್ಕಕ್ಕೆ ಸರಿದು ಓರೆಯಾಗಿ ಒಂದು ತೆಗೆದು ಹೋಲಿಸಿ. ಓರೆಯ ಫೋಟೋದಲ್ಲಿ ಕಪ್ಪು ಗೆರೆಗಳಿಗೆ ಬಣ್ಣದ ಅಂಚು ಹುಟ್ಟಿರುತ್ತದೆ. ಎಷ್ಟು ದುಬಾರಿ ಲೆನ್ಸ್ ಹಾಕಿದರೂ ಇದು ಹೋಗುವುದಿಲ್ಲ. ಲೆನ್ಸಿನ ಮುಖ ಗಾಜಿಗೆ ಸಮಾನಾಂತರವಾಗಿರಬೇಕು, ಮೇಲೆ ಕೆಳಗೂ ವಾಲಬಾರದು. ಕೆಳಗಿನ ಹವಳ ಬೇಕಾದರೆ ಕ್ಯಾಮೆರಾವನ್ನು ಬಗ್ಗಿಸಬೇಡಿ, ಇಡೀ ಟ್ರೈಪಾಡ್ ಇಳಿಸಿ. ಬಾಗಿದ ಗಾಜಿನ ಟ್ಯಾಂಕ್, ದುಂಡು ಬೋಗುಣಿಯಲ್ಲಿ ಇದು ಸಾಧ್ಯವೇ ಇಲ್ಲ. ಫೋಟೋದ ಆಸೆ ಇರುವವರು ಚಪ್ಪಟೆ ಗಾಜಿನ ಟ್ಯಾಂಕನ್ನೇ ತೆಗೆದುಕೊಳ್ಳಿ.

ಫೋಕಸ್ ಹಿಂದೆ ಮುಂದೆ ಓಡಾಡುತ್ತಿದೆ

ಆಟೋಫೋಕಸ್ ಗಾಜಿನ ಮೇಲಿನ ಗೀರನ್ನೋ ಪಾಚಿಯ ಚುಕ್ಕಿಯನ್ನೋ ಹಿಡಿದುಕೊಳ್ಳುತ್ತಿದೆ. ಮೊದಲು ಗಾಜು ಶುಚಿ ಮಾಡಿ. ಒಳಗಿನ ಪಾಚಿಗೆ ಮ್ಯಾಗ್ನೆಟ್ ಕ್ಲೀನರ್, ಅದರ ನಡುವೆ ಮರಳಿನ ಕಣ ಸಿಕ್ಕಿಕೊಂಡಿಲ್ಲ ಅಂತ ನೋಡಿಕೊಂಡೇ ಉಜ್ಜಿ. ಹೊರಗೆ ಒಣಗಿದ ಉಪ್ಪು ಇದ್ದರೆ ಒದ್ದೆ ಬಟ್ಟೆಯಿಂದ ನೆನೆಸಿ ತೆಗೆಯಿರಿ, ಒಣ ಬಟ್ಟೆಯಲ್ಲಿ ಉಜ್ಜಬೇಡಿ. ಸಿಹಿನೀರಿನ ಟ್ಯಾಂಕಿಗೆ ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಬಿಳಿ ಸುಣ್ಣದ ಕಲೆ ಕೂತಿರುತ್ತದೆ. ಹೊರಗಿನ ಕಲೆಗೆ ವಿನೆಗರ್ ಅದ್ದಿದ ಬಟ್ಟೆ ಸಾಕು.

ಆಮೇಲೂ ಓಡಾಡಿದರೆ ಆಟೋಫೋಕಸ್ ಬಿಟ್ಟುಬಿಡಿ. ಬೇಕಾದ ಅಳತೆಗೆ ಲೆನ್ಸ್ ತಿರುಗಿಸಿ ನಿಲ್ಲಿಸಿ, ಕ್ಯಾಮೆರಾವನ್ನೇ ಹಿಂದೆ ಮುಂದೆ ಕೂದಲೆಳೆಯಷ್ಟು ಸರಿಸುತ್ತಾ ಚೂಪಾದಾಗ ಒತ್ತಿ. ಇನ್ನೊಂದು ಕಾರಣವೂ ಇದೆ: ದೂರ. 100 ಮಿಮೀ ಮ್ಯಾಕ್ರೋ ಲೆನ್ಸಿನಲ್ಲಿ 1:1 ಬೇಕಾದರೆ ವಸ್ತು ಲೆನ್ಸಿನ ಮುಂತುದಿಯಿಂದ ಸುಮಾರು 13ರಿಂದ 15 ಸೆಂಮೀ ದೂರದಲ್ಲಿರಬೇಕು. ನೀರಿನಲ್ಲಿ 10 ಸೆಂಮೀ ಒಳಗಿರುವುದು 7.5 ಸೆಂಮೀ ಒಳಗಿದ್ದಂತೆ ಕಾಣುವುದರಿಂದ ಸ್ವಲ್ಪ ಅನುಕೂಲ ಸಿಗುತ್ತದೆ. ಆದರೂ ಟ್ಯಾಂಕಿನ ಹಿಂದಿನ ಗೋಡೆಗೆ ಒರಗಿದ ಹವಳ 1:1ರಲ್ಲಿ ಸಿಗುವುದಿಲ್ಲ. ಫೋಟೋಗೆ ಬೇಕಾದ ತುಂಡನ್ನು ಮುಂದಿನ ಗಾಜಿನ ಹತ್ತಿರ ಬೆಳೆಸುವುದು ಜಾಣತನ. ಝೋವಾ ಮುಟ್ಟುವಾಗ ಗ್ಲೌಸ್ ಹಾಕಿ, ಕೈ ತೊಳೆಯಿರಿ, ಗಾಯವಿದ್ದರೆ ಮುಟ್ಟಲೇಬೇಡಿ. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಅನ್ನೋ ಕಟು ವಿಷ ಇದೆ. ಝೋವಾ ಅಂಟಿದ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬಾರದು.

ಎಲ್ಲಾ ನೀಲಿ

ಅತಿ ಹೆಚ್ಚು ಕೇಳುವ ದೂರು ಇದು. ಹವಳದ ಲೈಟ್‌ಗಳು 450 ನ್ಯಾನೋಮೀಟರ್ ಆಸುಪಾಸಿನ ನೀಲಿಯನ್ನು ಸುರಿಯುತ್ತವೆ. ನಮ್ಮ ಕಣ್ಣು ಅದಕ್ಕೆ ಹೊಂದಿಕೊಂಡುಬಿಡುತ್ತದೆ, ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಬಣ್ಣದ ಹೊಂದಾಣಿಕೆ) ಕೈಚೆಲ್ಲುತ್ತದೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಸೆಟ್ಟಿಂಗ್ 10,000ಕ್ಕೆ ನಿಂತುಬಿಡುತ್ತದೆ, ಈ ಬೆಳಕು ಅದಕ್ಕೂ ಆಚೆ.

ಮೊದಲು ಹಿಸ್ಟೋಗ್ರಾಮ್‌ನಲ್ಲಿ (ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆ) ನೀಲಿ ಚಾನೆಲ್ ಒಂದನ್ನೇ ನೋಡಿ. ಬಲಗಡೆ ಗೋಡೆಗೆ ಹೊಡೆದುಕೊಂಡು ನಿಂತಿದ್ದರೆ ಆ ವಿವರ ಹೋಯಿತು, ಆಮೇಲೆ ಏನು ಮಾಡಿದರೂ ಬರುವುದಿಲ್ಲ. ಎಕ್ಸ್‌ಪೋಶರ್ ಇಳಿಸಿ. ಒಟ್ಟು ಫೋಟೋ ಕತ್ತಲೆ ಕಂಡರೂ ಪರವಾಗಿಲ್ಲ. ರಾ (ಸೆನ್ಸರ್ ಹಿಡಿದದ್ದನ್ನು ಹಾಗೇ ಉಳಿಸುವ) ಫಾರ್ಮ್ಯಾಟ್‌ನಲ್ಲೇ ತೆಗೆಯಿರಿ, ಜೆಪೆಗ್‌ನಲ್ಲಿ ಈ ನೀಲಿಯನ್ನು ಸರಿಮಾಡಲು ಹೋದರೆ ಬಣ್ಣ ಹರಿದುಹೋಗುತ್ತದೆ.

ಬಣ್ಣಕ್ಕೆ ಆಧಾರ ಬೇಕಾದರೆ ತೋಟದ ನೀರಿನ ಲೈನಿಗೆ ಹಾಕುವ ಬೂದು ಪಿವಿಸಿ ಪೈಪಿನ ತುಂಡು ಒಳ್ಳೆಯದು. ಚೆನ್ನಾಗಿ ತೊಳೆದು ಹವಳದ ಪಕ್ಕದಲ್ಲೇ, ಅಷ್ಟೇ ಆಳದಲ್ಲಿ ಇಟ್ಟು ಒಂದು ಫೋಟೋ ತೆಗೆಯಿರಿ. ಕಂಪ್ಯೂಟರಿನಲ್ಲಿ ಆ ಬೂದು ಬಣ್ಣದ ಮೇಲೆ ವೈಟ್ ಬ್ಯಾಲೆನ್ಸ್ ಡ್ರಾಪರ್ ಒತ್ತಿ, ಅದೇ ಸೆಟ್ಟಿಂಗ್ ಉಳಿದ ಫೋಟೋಗಳಿಗೂ ಹಾಕಿ. ಬಿಳಿ ಪ್ಲಾಸ್ಟಿಕ್ ಬೇಡ, ಕೆಲವು ನೀಲಿ-ನೇರಳೆ ಬೆಳಕಿಗೆ ತಾವೇ ಹೊಳೆಯುತ್ತವೆ.

ಲೈಟ್‌ನಲ್ಲಿ ಬಿಳಿ ಚಾನೆಲ್ ಬೇರೆ ಇದ್ದರೆ ಫೋಟೋದ ಹೊತ್ತಿಗೆ ಅದನ್ನು ಏರಿಸಿ ನೀಲಿ ಇಳಿಸುವುದು ಎಲ್ಲಕ್ಕಿಂತ ಸುಲಭ. ಆದರೆ ಆಗ ಹವಳ ಕಂದು ಕಾಣುತ್ತದೆ, ಗಾಬರಿ ಬೇಡ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯ ಬಣ್ಣವೇ ಕಂದು. ನೀವು ದಿನಾ ನೋಡುವ ಹಸಿರು, ಕಿತ್ತಳೆ ಹೊಳಪು ಹುಟ್ಟುವುದು ನೀಲಿ ಬೆಳಕು ಬಿದ್ದು ಹವಳದ ಪ್ರೋಟೀನ್‌ಗಳು ಬೇರೆ ಬಣ್ಣದಲ್ಲಿ ಬೆಳಗಿದಾಗ. ಆ ಹೊಳಪೇ ಬೇಕಾದರೆ ನೀಲಿಯನ್ನು ಹಾಗೇ ಬಿಟ್ಟು, ಲೆನ್ಸಿನ ಮುಂದೆ ಹಳದಿ ಅಥವಾ ಕಿತ್ತಳೆ ಫಿಲ್ಟರ್ ಹಾಕಿ. ಮೊಬೈಲ್‌ನವರು ನಾಟಕದ ಲೈಟಿಗೆ ಕಟ್ಟುವ ಹಳದಿ ಜಿಲೆಟಿನ್ ಪೇಪರಿನ ತುಂಡನ್ನು ಸುಕ್ಕಿಲ್ಲದಂತೆ ಅಂಟಿಸಿಯೂ ನೋಡಬಹುದು. ಎರಡರಲ್ಲಿ ಯಾವುದು ನಿಜವಾದ ಬಣ್ಣ ಅಂತ ಜಗಳ ಬೇಡ. ನಾನಂತೂ ಸಂಜೆ ಹೊತ್ತು ಟ್ಯಾಂಕಿನ ಮುಂದೆ ಕೂತಾಗ ಕಣ್ಣಿಗೆ ಕಂಡದ್ದಕ್ಕೆ ಹತ್ತಿರ ಇಡುತ್ತೇನೆ.

ಅಡ್ಡ ಪಟ್ಟೆ, ಪ್ರತಿಬಿಂಬ, ಬಿಳಿ ಚುಕ್ಕಿ

ಫೋಟೋದ ತುಂಬ ಕಪ್ಪು ಬಿಳಿ ಅಡ್ಡ ಪಟ್ಟೆ ಬಂದರೆ ಅದು ಲೈಟ್‌ನ ಮಿಣುಕು. ಮಂದ ಮಾಡಿದ ಎಲ್‌ಇಡಿ ಅತಿ ವೇಗವಾಗಿ ಆರಿ ಹೊತ್ತುತ್ತಿರುತ್ತದೆ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, ಲೈಟನ್ನು ಪೂರ್ತಿ ಏರಿಸಿ ನೋಡಿ. ಪಟ್ಟೆ ಕೋಣೆಯ ಟ್ಯೂಬ್‌ಲೈಟಿನದಾದರೆ ನಮ್ಮ 50 ಹರ್ಟ್ಸ್ ಕರೆಂಟಿಗೆ 1/50 ಅಥವಾ 1/100 ಸೆಕೆಂಡ್ ಶಟರ್ ಹೊಂದುತ್ತದೆ. ಟ್ಯೂಬ್‌ಲೈಟ್ ಆರಿಸುವುದು ಇನ್ನೂ ಸುಲಭ.

ಆರಿಸಲೇಬೇಕಾದ ಇನ್ನೊಂದು ಕಾರಣ ಪ್ರತಿಬಿಂಬ. ಗಾಜಿನಲ್ಲಿ ಕಿಟಕಿ, ನಿಮ್ಮ ಬಿಳಿ ಅಂಗಿ, ಕ್ಯಾಮೆರಾದ ಹೆಸರು ಎಲ್ಲ ಕಾಣುತ್ತವೆ. ಪರದೆ ಎಳೆಯಿರಿ, ಬೆನ್ನ ಹಿಂದೆ ಕುರ್ಚಿಗೆ ಕರಿ ಕಂಬಳಿ ಹಾಕಿ. ಲೆನ್ಸಿನ ಮುಂದೆ ಹಾಕುವ ರಬ್ಬರ್ ಹುಡ್ ಇದ್ದರೆ ಗಾಜಿಗೆ ಮೆಲ್ಲಗೆ ಒತ್ತಿ ಹಿಡಿದರೆ ಪೂರ್ತಿ ಹೋಗುತ್ತದೆ. ಪೋಲರೈಸರ್ (ಪ್ರತಿಬಿಂಬ ತಗ್ಗಿಸುವ ಫಿಲ್ಟರ್) ಕೊಳ್ಳಬೇಡಿ, ಅದು ಓರೆ ಪ್ರತಿಬಿಂಬಕ್ಕೆ ಕೆಲಸ ಮಾಡುವಂಥದ್ದು. ನಾವು ನಿಲ್ಲಬೇಕಾದ್ದು ನೇರ. ಫ್ಲ್ಯಾಶ್ ಕ್ಯಾಮೆರಾದ ತಲೆ ಮೇಲಿದ್ದರೂ ಇದೇ ಗತಿ. ಅದನ್ನು ಬಿಡಿಸಿ ಟ್ಯಾಂಕಿನ ಮೇಲಿಂದ ಕೆಳಮುಖವಾಗಿ ಹೊಡೆಯಿಸಿ, ನೀರು ಸಿಡಿಯದಂತೆ ಗಟ್ಟಿಯಾಗಿ ಕಟ್ಟಿ.

ಬಿಳಿ ಚುಕ್ಕಿಗಳು ಪ್ರತಿ ಫೋಟೋದಲ್ಲಿ ಒಂದೇ ಜಾಗದಲ್ಲಿದ್ದರೆ ಗಾಜಿನವು. ಜಾಗ ಬದಲಿಸುತ್ತಿದ್ದರೆ ನೀರಿನವು: ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಉಪಕರಣ) ಬಿಡುವ ಸಣ್ಣ ಗುಳ್ಳೆ, ಎದ್ದ ಮರಳು, ಉಳಿದ ಆಹಾರ. ಪಂಪು ನಿಲ್ಲಿಸುವ ಮುಂಚೆ ಒಂದು ಗಂಟೆ ಟ್ಯಾಂಕಿಗೆ ಕೈ ಹಾಕದಿದ್ದರೆ ಬಹುಪಾಲು ತಾನೇ ತಿಳಿಯಾಗುತ್ತದೆ.

ಮಂಜು ಮುಸುಕಿದಂಥ ಫೋಟೋ: ಮಲೆನಾಡಿನ ತೊಂದರೆ

ಇದರ ಬಗ್ಗೆ ಒತ್ತಿ ಹೇಳಲೇಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಚಿಕ್ಕಮಗಳೂರಿನ ಮಳೆ ಸೀಮೆಯಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ಬ್ಯಾಗಿನಲ್ಲಿಟ್ಟ ಲೆನ್ಸಿನೊಳಗೆ ಬೂಸ್ಟು ಬೆಳೆಯಲು ಅದು ಹೇಳಿ ಮಾಡಿಸಿದ ಹವೆ. ಮೂಡಿಗೆರೆ ಕಡೆಯ ಗೆಳೆಯರೊಬ್ಬರು ನೀರು ಬದಲಿಸಿ, ನೀರು ತಿಳಿಗೊಳಿಸುವ ಕಾರ್ಬನ್ ಹಾಕಿ, ಗಾಜು ಉಜ್ಜಿ ಸಾಕಾಗಿದ್ದರು. ಮಂಜು ಹೋಗಲಿಲ್ಲ. ಅವರ ಲೆನ್ಸ್ ಬಿಚ್ಚಿ, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಾಯಿಸಿ ನೋಡಿದೆವು. ಅಂಚಿನಿಂದ ನಡುವಿಗೆ ಜೇಡರ ಬಲೆ ಹಾಗೆ ಬೆಳ್ಳಗೆ ಎಳೆಗಳು ಹಬ್ಬಿದ್ದವು.

ಇಂಥ ಎಳೆ ಕಂಡರೆ ತಡಮಾಡದೆ ಲೆನ್ಸ್ ರಿಪೇರಿ ಮಾಡುವವರ ಹತ್ತಿರ ಬಿಚ್ಚಿಸಿ ಶುಚಿ ಮಾಡಿಸಿ. ಬಿಟ್ಟರೆ ಅದು ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ, ಆಮೇಲೆ ಶುಚಿ ಮಾಡಿದರೂ ಗುರುತು ಉಳಿಯುತ್ತದೆ. ಬಾರದಂತೆ ತಡೆಯುವುದು ಕಷ್ಟವಿಲ್ಲ. ಬಟ್ಟೆ, ಚರ್ಮದ ಬ್ಯಾಗಿನಲ್ಲಿ ಇಡಬೇಡಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ, ಒಂದು ಸಣ್ಣ ತೇವಾಂಶ ಮೀಟರ್ ಸಾಕು. ಒಳಗೆ 40ರಿಂದ 50 ಶೇಕಡಾ ಇರಲಿ. ಬಣ್ಣ ಬದಲಿಸುವ ಜೆಲ್ ತಂದರೆ ಯಾವಾಗ ಮತ್ತೆ ಕಾಯಿಸಿ ಒಣಗಿಸಬೇಕು ಅಂತ ಅದೇ ಹೇಳುತ್ತದೆ.

ಹೊಸದಾಗಿ ಮಂಜು ಬಂದು ಹತ್ತು ನಿಮಿಷದಲ್ಲಿ ಹೋಗುತ್ತಿದ್ದರೆ ಅದು ಬೂಸ್ಟಲ್ಲ, ಇಬ್ಬನಿ. ತಣ್ಣಗಿನ ಕೋಣೆಯಿಂದ ತಂದ ಲೆನ್ಸನ್ನು 25–26 ಡಿಗ್ರಿಯ ತೆರೆದ ನೀರಿನ ಮೇಲೆ ಹಿಡಿದರೆ ಗಾಜು ಬೆವರುತ್ತದೆ. ಕ್ಯಾಮೆರಾವನ್ನು ಅರ್ಧ ಗಂಟೆ ಮುಂಚೆಯೇ ಟ್ಯಾಂಕ್ ಇರುವ ಕೋಣೆಗೆ ತನ್ನಿ. ಮೇಲಿಂದ ತೆಗೆಯುವಾಗ ಫ್ಯಾನ್ ಆಫ್ ಮಾಡಿ, ಗಾಳಿಗೆ ನೀರಿನ ಮೇಲ್ಮೈ ಅಲೆಯಾದರೂ ಹವಳ ಕದಡುತ್ತದೆ.

ಮೀನು ನಿಲ್ಲುತ್ತಲೇ ಇಲ್ಲ

ಮೀನಿನ ಹಿಂದೆ ಲೆನ್ಸ್ ಓಡಿಸಬೇಡಿ, ಸೋಲುತ್ತೀರಿ. ಕ್ಲೌನ್ ಮೀನಿಗೆ ತನ್ನದೇ ಜಾಗ ಇರುತ್ತದೆ, ಸುತ್ತಾಡಿ ಅಲ್ಲಿಗೇ ಬರುತ್ತದೆ. ಆ ಜಾಗಕ್ಕೆ ಫೋಕಸ್ ಇಟ್ಟು ಕಾಯಿರಿ. ಶಟರ್ 1/250ಕ್ಕಿಂತ ನಿಧಾನ ಬೇಡ. ಮೀನು ಗಾಜಿಗೆ ಪಕ್ಕವಾಗಿ ತಿರುಗಿದಾಗ ಒತ್ತಿ, ಕಣ್ಣು ಚೂಪಾಗಿ ಬಂದರೆ ಬಾಲ ಸ್ವಲ್ಪ ಮಬ್ಬಾದರೂ ನಡೆಯುತ್ತದೆ. ಬೆಳಕು ಸಾಲದೆ ಐಎಸ್‌ಓ (ಸೆನ್ಸರಿನ ಸಂವೇದನೆ) ಏರಿ ಕಾಳು ಕಾಳು ಕಂಡರೆ ಟ್ಯಾಂಕಿನ ಮೇಲಿಂದ ಹೊಡೆಯುವ ಫ್ಲ್ಯಾಶ್ ಬಳಸಿ. ಮೀನು ಮೂಲೆಗೆ ಸೇರಿ ಬೇಗ ಬೇಗ ಉಸಿರಾಡುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ.

ಮೊಬೈಲ್‌ನಲ್ಲಿ ತೆಗೆಯುವವರಿಗೆ ಬರುವ ವಿಶೇಷ ತೊಂದರೆ ಒಂದೇ. ಹತ್ತಿರ ಹೋದ ಕೂಡಲೇ ಫೋನ್ ತಾನಾಗಿಯೇ ಅಲ್ಟ್ರಾವೈಡ್ ಲೆನ್ಸಿಗೆ ಹಾರುತ್ತದೆ, ಫ್ರೇಮ್ ಕುಪ್ಪಳಿಸುತ್ತದೆ. ಸೆಟ್ಟಿಂಗ್‌ನಲ್ಲಿ ಆಟೋ ಮ್ಯಾಕ್ರೋ ಆಫ್ ಮಾಡಿ. ಫೋನಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಹಾಕಿದರೆ ಎರಡು ಮೂರು ಸೆಂಮೀ ದೂರದಲ್ಲಿರುವುದು ಮಾತ್ರ ಸಿಗುತ್ತದೆ. ಅಂದರೆ ಗಾಜಿಗೆ ಅಂಟಿದ ಬಸವನಹುಳು ಸಿಗುತ್ತದೆ, ಒಳಗಿನ ಹವಳ ಸಿಗುವುದಿಲ್ಲ.

ಎಲ್ಲ ಸರಿ ಇದೆ, ಹವಳ ಮಾತ್ರ ಚೆಂದ ಕಾಣುತ್ತಿಲ್ಲ

ಹವಳ ಮುದುಡಿದೆ ಅಷ್ಟೇ. ಗಾಜು ಉಜ್ಜಿದ್ದು, ಸ್ಕೇಲ್ ಇಟ್ಟಿದ್ದು, ಕಲ್ಲು ಸರಿಸಿದ್ದು ಅದಕ್ಕೆ ಗೊತ್ತಾಗುತ್ತದೆ. ಝೋವಾ ಮುಚ್ಚಿಕೊಂಡರೆ ಆ ದಿನದ ಫೋಟೋ ಬಿಟ್ಟುಬಿಡಿ. ಶುಚಿ ಮಾಡುವ ಕೆಲಸ ಹಿಂದಿನ ಸಂಜೆಯೇ ಮುಗಿಸಿ. ಮರುದಿನ ಲೈಟ್ ಹತ್ತಿ ಎರಡು ಮೂರು ಗಂಟೆ ಕಳೆದ ಮೇಲೆ, ಎಸಳು ಪೂರ್ತಿ ಬಿಚ್ಚಿದಾಗ ಪಂಪು ಆಫ್ ಮಾಡಿ ಕೂರಿ. ಇಡೀ ದಿನ ಆದರೂ ತೆರೆಯದಿದ್ದರೆ ಕ್ಯಾಮೆರಾ ಬದಿಗಿಟ್ಟು ನೀರಿನ ಉಪ್ಪು, ಬಿಸಿ, ನೈಟ್ರೇಟ್ ಅಳೆಯಿರಿ.